ಕೈಯಲ್ಲಿ ಉಳಿದ ಒಂದು ಎತ್ತು

ಹರದನಹಳ್ಳಿಯ ದಳ್ಳಾಳಿ ದೊಡ್ಡಮಲ್ಲಪ್ಪನವರ ಮನೆಯಲ್ಲಿ ಗಂಡ ಹೆಂಡತಿ ಮಾತಾಡಿ ಏಳು ತಿಂಗಳಾಗಿತ್ತು. ಗಂಡನಿಗೆ ಮಾತು ಬರುತ್ತಿರಲಿಲ್ಲ. ಹೆಂಡತಿಗೆ ಬರುತ್ತಿತ್ತು, ಆಡುತ್ತಿರಲಿಲ್ಲ.

ಆಷಾಢದ ಒಂದು ಬೆಳಗ್ಗೆ ತೆರಕಣಾಂಬಿಯ ದನದ ಸಂತೆಗೆಂದು ಹೆಗಲ ಮೇಲೆ ಟವಲು ಹಾಕಿಕೊಂಡು ಹೊರಟ ದೊಡ್ಡಮಲ್ಲಪ್ಪನವರು ಹೊಸ್ತಿಲು ದಾಟುವಷ್ಟರಲ್ಲಿ ಕುಸಿದು ಕೂತಿದ್ದರು. ಮೈಸೂರಿನ ಆಸ್ಪತ್ರೆಯಲ್ಲಿ ಹದಿನೈದು ದಿನ ಇದ್ದು ಮನೆಗೆ ಬಂದಾಗ ಬಲಗೈ, ಬಲಗಾಲು, ನಾಲಗೆ ಮೂರೂ ಬಿದ್ದುಹೋಗಿದ್ದವು. ಉಳಿದದ್ದು ಎಡಗೈ, ಮತ್ತೆ ಎಲ್ಲವನ್ನೂ ನೋಡುತ್ತಿದ್ದ ಎರಡು ಕಣ್ಣು. ಶಿವರುದ್ರಮ್ಮ ಅವರನ್ನು ಮಗುವಿನ ಹಾಗೆ ನೋಡಿಕೊಂಡರು. ಬೆಳಗ್ಗೆ ಎದ್ದು ಮೈ ಒರೆಸಿ, ಹಣೆಗೆ ವಿಭೂತಿ ಹಚ್ಚಿ, ಕೊರಳ ಲಿಂಗವನ್ನು ಎಡ ಅಂಗೈಗೆ ಇಟ್ಟು ಪೂಜೆ ಮಾಡಿಸಿ, ರಾಗಿ ಗಂಜಿಯನ್ನು ಚಮಚೆ ಚಮಚೆಯಾಗಿ ಕುಡಿಸುತ್ತಿದ್ದರು. ಬಾಯಿಂದ ಸೋರಿದ್ದನ್ನು ತಮ್ಮ ಸೆರಗಿನಲ್ಲೇ ಒರೆಸುತ್ತಿದ್ದರು. ಆದರೆ ‘ಬಾಯಿ ತಗೀರಿ’ ಅನ್ನುವಷ್ಟು ಮಾತನ್ನೂ ಆಡುತ್ತಿರಲಿಲ್ಲ. ಚಮಚೆಯನ್ನು ತುಟಿಗೆ ತಾಗಿಸಿದರೆ ಅದೇ ಮಾತು.

ಕಾರಣ ಮನೆಯವರಿಗೆಲ್ಲ ಗೊತ್ತಿತ್ತು. ಆಸ್ಪತ್ರೆಯ ಖರ್ಚಿಗೆಂದು ಮಗ ಸೋಮೇಶ ಅಪ್ಪನ ಟ್ರಂಕು ತೆಗೆದಿದ್ದ. ಗುಂಡ್ಲುಪೇಟೆಯಲ್ಲಿ ಅವನಿಗೊಂದು ಗೊಬ್ಬರದ ಅಂಗಡಿ ಹಾಕಿಕೊಡಲೆಂದು ಕೂಡಿಟ್ಟಿದ್ದ ದುಡ್ಡಿನಲ್ಲಿ ಹದಿನಾರು ಸಾವಿರ ಚಿಲ್ಲರೆ ಇರಲಿಲ್ಲ. ದುಡ್ಡಿನ ಬದಲು ಸಿಕ್ಕಿದ್ದು ಅಪ್ಪನ ಉದ್ದನೆಯ ಲೆಕ್ಕದ ಪುಸ್ತಕಗಳು. ಅವುಗಳಲ್ಲಿ ಎರಡೂವರೆ ವರ್ಷ, ತಿಂಗಳು ತಪ್ಪದೆ, ಒಂದೇ ಸಾಲು: ‘ಉಮ್ಮತ್ತೂರು ರಾಚಮ್ಮ, ೩೦೦.’ ಸೋಮೇಶ ಉಮ್ಮತ್ತೂರಿಗೆ ಹೋಗುವ ಬಸ್ಸಿನ ಕಂಡಕ್ಟರನ್ನು ವಿಚಾರಿಸಿದ. ರಾಚಮ್ಮ ಅಂದರೆ ಗಂಡ ತೀರಿಕೊಂಡ ಹೆಂಗಸು, ಕೂಲಿ ಮಾಡಿಕೊಂಡು ಒಬ್ಬಳೇ ಇದ್ದಾಳೆ, ದಳ್ಳಾಳಿ ಮಲ್ಲಪ್ಪನವರು ತಿಂಗಳಿಗೊಂದು ಸಲ ಬಂದು ಹೋಗುತ್ತಿದ್ದರು ಅಂದ ಅವನು. ಅಷ್ಟು ಸಾಕಾಯಿತು.

“ಅಲ್ಲಿ ಇನ್ನೊಂದ್ ಒಲೆ ಉರೀತಿತ್ತು ಕಣವ್ವ, ನಮ್ಮಟ್ಟಿ ಸೌದೇಲಿ,” ಎಂದು ಸೋಮೇಶ ಆಸ್ಪತ್ರೆಯ ವರಾಂಡದಲ್ಲೇ ಅಂದುಬಿಟ್ಟಿದ್ದ. ಶಿವರುದ್ರಮ್ಮ ಅದಕ್ಕೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅವತ್ತು ಮುಚ್ಚಿದ ಬಾಯನ್ನು ಗಂಡನ ಮುಂದೆ ಮತ್ತೆ ತೆರೆಯಲಿಲ್ಲ.

ಮಗಳು ಶಿವರಂಜನಿ ಇದನ್ನು ನಂಬಿರಲಿಲ್ಲ. ನಂಬುವುದಿಲ್ಲ ಎಂದು ಬಾಯಲ್ಲಿ ಹೇಳಿದರೆ ಯಾರು ಕೇಳುತ್ತಾರೆ? ಅವಳು ಬಿ.ಕಾಂ. ಓದಿದವಳು, ಚಾಮರಾಜನಗರದ ಕಂಪ್ಯೂಟರ್ ಸೆಂಟರಿನಲ್ಲಿ ಕೆಲಸಕ್ಕಿದ್ದಳು. ಅಪ್ಪನ ಪುಸ್ತಕಗಳಲ್ಲಿದ್ದುದನ್ನೆಲ್ಲ ಒಂದು ಸಾಲೂ ಬಿಡದೆ ಕಂಪ್ಯೂಟರಿಗೆ ಹಾಕಿದರೆ ಆ ಹದಿನಾರು ಸಾವಿರ ಯಾಕೆ ಹೋಯಿತು, ಎಲ್ಲಿಗೆ ಹೋಯಿತು ಎನ್ನುವುದು ತಾನಾಗಿ ಹೊರಗೆ ಬರುತ್ತದೆ ಅಂದುಕೊಂಡಳು. ಬಂದ ಹಾಳೆಯನ್ನು ಅವ್ವನ ಮುಂದೆ ಹಿಡಿಯಬೇಕು. ಅಪ್ಪ ಇರುವಾಗಲೇ ಅವ್ವ ಅಪ್ಪನ ಹತ್ತಿರ ಒಂದು ಮಾತಾಡಬೇಕು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಡಾಕ್ಟರು ಇನ್ನೊಂದು ಸಲ ಲಕ್ವ ಹೊಡೆದರೆ ಕಷ್ಟ ಎಂದು ಹೇಳಿ ಕಳಿಸಿದ್ದರಿಂದ ಅವಳಿಗೆ ಆತುರವಿತ್ತು.

ಸೆಂಟರಿನ ಯಜಮಾನರು ಮಲ್ಲಿಕಾರ್ಜುನಸ್ವಾಮಿ. ಮೊದಲು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇಟ್ಟಿದ್ದವರು. ಹಿಂದಿನ ವರ್ಷ ಚಾಮರಾಜನಗರ ಜಿಲ್ಲೆಯಾದ ಮೇಲೆ ಅರ್ಧ ಟೈಪ್‌ರೈಟರುಗಳನ್ನು ಮಾರಿ ಮೂರು ಕಂಪ್ಯೂಟರು ತಂದಿದ್ದರು. ಐದು ಗಂಟೆಗೆ ಕಲಿಯುವವರು ಹೋದ ಮೇಲೆ ಒಂದು ಗಂಟೆ ಮಿಷನ್ನು ಉಪಯೋಗಿಸಿಕೋ ಎಂದು ರಂಜನಿಗೆ ಬಿಟ್ಟುಕೊಟ್ಟರು. ಬೆಂಗಳೂರಿನ ಪರಿಚಯದವರಿಂದ ನಾಲ್ಕು ಫ್ಲಾಪಿಯಲ್ಲಿ ತಂದ ಮನೆಲೆಕ್ಕದ ಪ್ರೋಗ್ರಾಮೊಂದು ಅದರಲ್ಲಿತ್ತು. ಯಾವುದೋ ದೂರದೇಶದವರು ತಮ್ಮ ಮನೆಗಳಿಗೆಂದು ಮಾಡಿಕೊಂಡದ್ದು. ಅದರೊಳಗೆ ಒಂದು ಕಡೆ ‘ಬ್ರೋಕರೇಜ್’ ಎಂದಿದ್ದುದನ್ನು ನೋಡಿ ರಂಜನಿಗೆ ಖುಷಿಯಾಯಿತು. ದಳ್ಳಾಳಿಗಳ ಲೆಕ್ಕಕ್ಕೂ ಜಾಗ ಇಟ್ಟಿದ್ದಾರಲ್ಲ! ಅದು ಹೆಸರು ಕೇಳಿತು. ‘ಚಂದಕವಾಡಿ ಜೋಡಿ’ ಎಂದು ಹೊಡೆದಳು. ಎಷ್ಟು ಎಂದು ಕೇಳಿತು, ಎರಡು. ಒಂದರ ಬೆಲೆ? ಐದೂವರೆ ಸಾವಿರ. ಕಮಿಷನ್? ಇನ್ನೂರು. ಪ್ರೋಗ್ರಾಮು ಒಂದು ಮಾತೂ ಎತ್ತದೆ ಚಂದಕವಾಡಿಯ ಎತ್ತುಗಳನ್ನು ಒಳಗೆ ಕಟ್ಟಿಕೊಂಡಿತು. ಅಪ್ಪ ಎತ್ತು ಇಟ್ಟುಕೊಳ್ಳುವವರಲ್ಲ, ಕೊಡಿಸುವವರು. ಆದ್ದರಿಂದ ಮಾರುವವನ ಕಡೆಯಿಂದ ಬಂದದ್ದು ಎಂದು ಒಂದು ಸಾಲು, ಕೊಳ್ಳುವವನ ಕಡೆಗೆ ಹೋದದ್ದು ಎಂದು ಇನ್ನೊಂದು ಸಾಲು ಹಾಕುತ್ತ ಹೋದಳು. ಜೋಡಿ ಬಂದು ಜೋಡಿ ಹೋದರೆ ಕೈಯಲ್ಲಿ ಉಳಿಯುವುದು ದಳ್ಳಾಳಿಯ ದುಡ್ಡು ಮಾತ್ರ.

ನಾಲ್ಕು ದಿನ ಆದ ಮೇಲೆ ಮಲ್ಲಿಕಾರ್ಜುನಸ್ವಾಮಿ ಹಿಂದೆ ಬಂದು ನಿಂತು ನೋಡಿದವರು ಕನ್ನಡಕ ತೆಗೆದು ನಕ್ಕರು.

“ಏನಮ್ಮ ರಂಜನಿ, ಇದು ಶೇರು ಮಾರೋರ ಲೆಕ್ಕ ಕಣಮ್ಮ! ಕಂಪನಿ ಹೆಸರು ಬರಿಯೋ ಜಾಗದಲ್ಲಿ ಎತ್ತು ಕಟ್ಟಿದ್ದೀಯಲ್ಲ!”

ರಂಜನಿ ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಕಟ್ಟಿದ್ರೆ ಸುಮ್ನೆ ನಿಂತ್ಕಂಡವಲ್ಲ ಸಾರ್,” ಎಂದಳು.

“ನಿಂತ್ಕಳ್ಳದೇನು! ನೋಡು, ದಿನಾ ಇವತ್ತಿನ ರೇಟು ಎಷ್ಟು ಅಂತ ಕೇಳ್ತದೆ. ಹುಲ್ಲು ಹಾಕಿದ್ಯಾ ಅಂತ ಮಾತ್ರ ಕೇಳಕ್ಕಿಲ್ಲ.” ನಕ್ಕು ಮುಗಿದ ಮೇಲೆ ಅವರೇ ಪಕ್ಕದಲ್ಲಿ ಕೂತು ಒಂದಷ್ಟು ಲೆಕ್ಕ ನೋಡಿದರು. ತಪ್ಪೇನೂ ಕಾಣಲಿಲ್ಲ. “ನಡೀಲಿ ಬುಡು. ಅಲ್ಲೂ ಕೊಡೋನು ಕೊಳ್ಳೋನು, ಮಧ್ಯೆ ಒಬ್ಬ,” ಎಂದು ಎದ್ದು ಹೋದರು.

ಅಪ್ಪನ ಬರವಣಿಗೆ ಮಾತ್ರ ಒಂದು ದಾರಿಗೆ ಬರುವಂಥದಲ್ಲ. ಒಂದು ಕಡೆ ದಳ್ಳಾಳಿಯ ಬದಲು ‘ಅವರೆಕಾಯಿ ಒಂದು ಮೂಟೆ’ ಎಂದಿತ್ತು. ಇನ್ನೊಂದು ಕಡೆ, ಕೊಂಡವನ ಮನೆಯಲ್ಲಿ ಎತ್ತು ಹಾಯಿತೆಂದು ಬಂದ ದಳ್ಳಾಳಿಯನ್ನು ವಾಪಸು ಕೊಟ್ಟಿದ್ದರು. ಕೆಲವು ಕಡೆ ಮೊತ್ತವೇ ಇರಲಿಲ್ಲ, ಹೆಸರಿನ ಮುಂದೆ ಒಂದು ಚುಕ್ಕೆ. ಇಂಥವನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡು ಸಂಜೆಯ ಬಸ್ಸಿಗೆ ಊರಿಗೆ ಬಂದವಳೇ ಅಪ್ಪನ ಮಂಚದ ಪಕ್ಕ ಕೂತುಕೊಳ್ಳುವಳು. ಗೂಟದ ಮೇಲಿದ್ದ ಟವಲನ್ನು ತೆಗೆದು ಅಪ್ಪನ ಎಡಗೈ ಮೇಲೆ ಹೊದಿಸಿ ತನ್ನ ಕೈಯನ್ನು ಒಳಗೆ ಇಡುವಳು.

ಸಂತೆಯಲ್ಲಿ ರೇಟು ಬಾಯಲ್ಲಿ ಆಡುವುದಿಲ್ಲ. ಸುತ್ತ ನಿಂತವರಿಗೆ ತಿಳಿಯಬಾರದೆಂದು ಟವಲಿನ ಮರೆಯಲ್ಲಿ ಬೆರಳು ಹಿಡಿದು ಆಡುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಮುಷ್ಟಿ ಪೂರ್ತಿ ಹಿಡಿದರೆ ಐದು, ಬೆರಳ ಗೆಣ್ಣು ಮಡಿಸಿದರೆ ಅರ್ಧ. ಅಂಗೈಯಿಂದ ಅಂಗೈಯನ್ನು ದೂಡಿದರೆ ವ್ಯಾಪಾರ ಮುರಿದಂತೆ. ಆಮೇಲೆ ಯಾರೂ ಅದರ ಮಾತು ಎತ್ತುವ ಹಾಗಿಲ್ಲ. ಹೆಣ್ಣುಮಕ್ಕಳಿಗೆ ಈ ವಿದ್ಯೆ ಕಲಿಸುವವರಿಲ್ಲ. ಆದರೆ ರಂಜನಿ ಚಿಕ್ಕವಳಿದ್ದಾಗ ಅಪ್ಪ ಸಂತೆಯಿಂದ ಬಂದು, “ಎಷ್ಟು ಕಡ್ಲೆಮಿಠಾಯಿ ಬೇಕು, ಟವಲಲ್ಲಿ ಯೋಳು ಕಣಮ್ಮಿ,” ಎಂದು ಕೈ ಚಾಚುತ್ತಿದ್ದರು. ಅವಳು ಮುಷ್ಟಿ ಹಿಡಿದರೆ ಅವರು ಎರಡು ಬೆರಳು ಹಿಡಿಯುವರು. ಚೌಕಾಸಿ ನಡೆದು ಮೂರಕ್ಕೆ ನಿಲ್ಲುವುದು. ಈಗ ಆ ಆಟವೇ ಅಪ್ಪನ ಮಾತಾಗಿತ್ತು. ‘ತೊಂಬತ್ತಾರರ ದೀಪಾವಳಿ, ಮಾರಯ್ಯನ ಹೋರಿ, ಎಷ್ಟು ಬಂತಪ್ಪ?’ ಎಂದರೆ ಬೆರಳುಗಳು ಮೆಲ್ಲಗೆ ಹೇಳುವವು. ಚುಕ್ಕೆಯಿದ್ದ ಸಾಲುಗಳನ್ನು ಕೇಳಿದರೆ ಕೈ ಸುಮ್ಮನಿರುವುದು. ಆ ಹೆಸರುಗಳೆಲ್ಲ ಆಗಷ್ಟೇ ಸಾವಾದ ಮನೆಗಳವು; ಅಂಥ ಮನೆಯಿಂದ ಹೊರಟ ದನಕ್ಕೆ ಅಪ್ಪ ದಳ್ಳಾಳಿ ಮುಟ್ಟುತ್ತಿರಲಿಲ್ಲ ಎಂದು ಅವಳಿಗೆ ಹಾಗೆ ತಿಳಿಯಿತು.

ಅಡುಗೆಮನೆಯ ಬಾಗಿಲಲ್ಲಿ ನಿಂತು ಶಿವರುದ್ರಮ್ಮ ಇದನ್ನು ನೋಡುತ್ತಿದ್ದರು. ನೋಡಿ ಒಳಗೆ ಹೋಗುತ್ತಿದ್ದರು.

ಫೆಬ್ರವರಿ ಎರಡನೇ ವಾರದ ಹೊತ್ತಿಗೆ ಪುಸ್ತಕಗಳೆಲ್ಲ ಮುಗಿದವು. ರಂಜನಿ ಒಟ್ಟು ಲೆಕ್ಕ ತೆಗೆದಳು. ನೂರಾರು ಜೋಡಿಗಳು ಬಂದು ಹೋಗಿದ್ದವು. ಕೈಯಲ್ಲಿ ಉಳಿದದ್ದು ಸೊನ್ನೆ, ಸೊನ್ನೆ, ಸೊನ್ನೆ ಎಂದು ಪರದೆಯ ತುಂಬ ಇಳಿಯುತ್ತ ಬಂದ ಸಾಲುಗಳಲ್ಲಿ ಒಂದು ಕಡೆ ಮಾತ್ರ ‘ಕೈಯಲ್ಲಿ: ೧’ ಎಂದಿತ್ತು.

ತಾನೇ ತಪ್ಪು ಹೊಡೆದಿರಬೇಕೆಂದು ಪುಸ್ತಕ ತೆಗೆದಳು. ತೊಂಬತ್ತೈದರ ಜನವರಿ. ಆಗ ಅಪ್ಪನಿಗೆ ಜ್ವರ ಬಂದು ಎರಡು ಸಂತೆಗೆ ಸೋಮೇಶನೇ ಹೋಗಿದ್ದ. ‘ಉಮ್ಮತ್ತೂರು ಚೆಲುವಯ್ಯ, ಜೋಡಿ, ೯೦೦೦, ದಳ್ಳಾಳಿ ೬೦೦’ ಎಂದು ಅವನ ಅಕ್ಷರದಲ್ಲಿತ್ತು. ಅಪ್ಪ ಯಾವ ಜೋಡಿಗೂ ಮುನ್ನೂರಕ್ಕಿಂತ ಹೆಚ್ಚು ತೆಗೆದುಕೊಂಡವರಲ್ಲ. ಅದಾದ ಒಂಬತ್ತು ದಿನಕ್ಕೆ ಅಪ್ಪನ ಅಕ್ಷರ: ‘ಗುಂಡ್ಲುಪೇಟೆ, ಉಮ್ಮತ್ತೂರು ಎತ್ತು ಒಂದು, ೭೨೦೦ ಕೊಟ್ಟೆ, ಮೂಗಯ್ಯನ ಮುಂದೆ.’ ಆಮೇಲೆ ಅದನ್ನು ಮಾರಿದ ಸಾಲೇ ಇಲ್ಲ. ಮುಂದಿನ ತಿಂಗಳಿಂದ ರಾಚಮ್ಮನ ಮುನ್ನೂರು ಶುರುವಾಗಿತ್ತು. ಮೂವತ್ತು ತಿಂಗಳಿಗೆ ಒಂಬತ್ತು ಸಾವಿರ, ಅದಕ್ಕೆ ಏಳು ಸಾವಿರದ ಇನ್ನೂರು ಸೇರಿಸಿದಳು. ಸೋಮೇಶ ಹುಡುಕುತ್ತಿದ್ದ ದುಡ್ಡು ಅಷ್ಟೇ. ರಾಚಮ್ಮ ಆ ಚೆಲುವಯ್ಯನ ಹೆಂಡತಿಯೇ ಇರಬೇಕು ಅನ್ನಿಸಿತು; ಹತ್ತಾರು ಹೆಸರು ಕಿವಿಗೆ ಬೀಳುವ ಸಂತೆಯಲ್ಲಿ ಒಂದು ಸಲ ಕಂಡವನ ಹೆಂಡತಿಯ ಹೆಸರು ಸೋಮೇಶನಿಗೆ ಗೊತ್ತಿರುವುದು ಸಾಧ್ಯವಿರಲಿಲ್ಲ.

ಅವತ್ತು ಸಂಜೆ ಟವಲಿನ ಒಳಗೆ ಕೈ ಇಟ್ಟು, “ಉಮ್ಮತ್ತೂರು ಎತ್ತು ಒಂದು ನಮ್ಮ ಕೈಯಲ್ಲೇ ಉಳ್ಕಂಡದೆ ಅಂತದಪ್ಪ ಕಂಪ್ಯೂಟ್ರು. ಅದೆಲ್ಲದೆ?” ಎಂದಳು.

ದೊಡ್ಡಮಲ್ಲಪ್ಪನವರು ಕೈಯನ್ನು ಹೊರಗೆ ಎಳೆದುಕೊಂಡರು. ಹಾಗೆ ಮಾಡಿದ್ದು ಅದೇ ಮೊದಲು.

ಭಾನುವಾರ ರಂಜನಿ ಗುಂಡ್ಲುಪೇಟೆಯ ಬಸ್ಸು ಹತ್ತಿದಳು. ಮೂಗಯ್ಯ ಅಪ್ಪನ ಜೊತೆಯಲ್ಲೇ ದಳ್ಳಾಳಿ ಮಾಡಿಕೊಂಡು ಬಂದವನು. ಈಗ ಕಣ್ಣಿಗೆ ಪೊರೆ ಬಂದು, ಸುಲ್ತಾನ್ ಬತ್ತೇರಿ ರಸ್ತೆಯ ಮಲಯಾಳಿ ಚಾಯದ ಅಂಗಡಿಯ ಬೆಂಚಿನ ಮೇಲೆ ಇಡೀ ದಿನ ಕೂತು, ಹೋಗುವ ಲಾರಿಗಳ ಸದ್ದು ಕೇಳುತ್ತಿದ್ದ.

“ಯಾರು, ಮಲ್ಲಪ್ಪಣ್ಣನ ಮಗಳಾ? ಬಾ ಕಣವ್ವ, ಕೂತ್ಕೊ. ಏಯ್, ಒಂದ್ ಚಾಯ ಕೊಡಪ್ಪ, ಸಕ್ರೆ ಜಾಸ್ತಿ. ಎಂಗವ್ನೆ ಅಣ್ಣ?”

“ಅಂಗೇ ಅವ್ರೆ ಮಾವ. ನಾನೊಂದು ಕೇಳಕ್ಕೆ ಬಂದೆ. ಉಮ್ಮತ್ತೂರಿನ ಎತ್ತು.”

ಮೂಗಯ್ಯ ಲೋಟವನ್ನು ಬೆಂಚಿನ ಮೇಲೆ ಇಟ್ಟ. “ಅದ ಯಾಕವ್ವ ಕೆದಕ್ತೀಯ? ಬಾಯಿ ಬುಡಲ್ಲ ಅಂತ ಮಾತು ಕೊಟ್ಟಿವ್ನಿ.”

“ನಮ್ಮಪ್ಪನ್ನ ಕೆಟ್ಟೋರು ಅಂತವ್ರೆ ಮಾವ, ಮನೇಲೇ. ರಾಚಮ್ಮನ್ನ ಇಟ್ಕಂಡಿದ್ರು ಅಂತ. ನಮ್ಮವ್ವ ಮಾತು ಬುಟ್ಟು ಏಳ್ ತಿಂಗಳಾಯ್ತು.”

ಮುದುಕ ರಸ್ತೆಯ ಕಡೆ ಕಿವಿ ಕೊಟ್ಟ. ಒಂದು ಲಾರಿ ಹಾದುಹೋಯಿತು.

“ಥೂ ಅವರ ಬಾಯಿಗೆ,” ಎಂದ. “ಕೇಳು. ಚೆಲುವಯ್ಯಂಗೆ ಮಂಡಿ ಬಿದ್ದೋಗಿ ಆರು ಕಟ್ಟಿ ಉಳಕ್ಕೆ ಆಯ್ತಿರ್ನಿಲ್ಲ. ಮಕ್ಕಳಿಲ್ಲ. ಆ ಜೋಡೀನೆ ಮಕ್ಕಳು. ಮಾರಕ್ಕೆ ತಂದ. ನೇಗಿಲಿಗೇ ಓಗ್ಬೇಕು, ಗೇಯಕ್ಕೇ ಓಗ್ಬೇಕು, ಕೇರಳಕ್ಕೆ ಕಡಿಯಕ್ಕೆ ಓಗೋ ಲಾರಿಗೆ ಮಾತ್ರ ಕೊಡಕ್ಕಿಲ್ಲ ಅಂದ. ನಿಮ್ಮಣ್ಣ ಟವಲು ಮುಟ್ಟಿ ಆಗಲಿ ಅಂದ. ಸಂತೆ ಆ ಕಡೆ ತುದಿಗೆ ಓಗಿ ಲಾರಿಯವನಿಗೇ ಕೊಟ್ಬುಟ್ಟ. ಮುನ್ನೂರು ಜಾಸ್ತಿ ಸಿಕ್ತು. ಉಡುಗ್ರಿಗೆ ಇನ್ನೇನು?”

“ಚೆಲುವಯ್ಯಂಗೆ ಎಂಗೆ ಗೊತ್ತಾಯ್ತು?”

“ಎತ್ತು ಕೊಟ್ರೂ ಹಗ್ಗ ಕೊಡಕ್ಕಿಲ್ವಲ್ಲವ್ವ ನಮ್ ಕಡೆ. ಹಗ್ಗ ಮಾರ್ದೋನ ಅಟ್ಟೀಲೇ ಇರ್ಬೇಕು. ಅಂವ ಹಗ್ಗ ಬಿಚ್ಕಂಡು ಓಗನ ಅಂತ ಹಿಂದೇನೇ ಬಂದವ್ನೆ. ಎತ್ತು ಲಾರಿ ಏರ್ತಾ ಅವೆ. ಕೂಗ್ಕಂಡ. ಯಾರು ಕೇಳ್ತಾರೆ? ಗುಂಡ್ಲುಪೇಟೆಗಂಟ ಬಂದು ಹುಡುಕ್ದ. ಆಮೇಲೆ ಆ ಮಂಡೀಲೇ ಕಾಡಂಚಿನ ಮದ್ದೂರು ಗೇಟುಗಂಟ ನಡ್ಕಂಡು ಓದ. ಕಾಡೊಳಕ್ಕೆ ಬುಡಲ್ಲ ಅಂದ್ರು. ಪುಷ್ಯಮಾಸದ ಚಳಿ, ಎರಡು ದಿನ ಗೇಟಲ್ಲೇ ಕುಂತಿದ್ದ, ಎದುರಿಂದ ವಾಪಸ್ ಬತ್ತವೇನೋ ಅಂತ.”

ಮೂಗಯ್ಯ ಕಣ್ಣೊರೆಸಿಕೊಂಡ. ಪೊರೆಯ ನೀರೋ ಏನೋ.

“ಅಣ್ಣಂಗೆ ನಾನೇ ಯೋಳಿ ಕಳಿಸ್ದೆ. ಜ್ವರದಲ್ಲೇ ಬಂದ. ಒಂದೆತ್ತು ಇಲ್ಲೇ ಕುಂಟ್ತಾ ಇತ್ತು ಅಂತ ಲಾರಿಯವ್ರು ಇಳಿಸಿದ್ರು. ಎರಡಕ್ಕೆ ಒಂಬತ್ತು ಕೊಟ್ಟೋನು ಒಂದಕ್ಕೆ ಏಳು ಇನ್ನೂರು ಅಂತ ಕುಂತ. ಅಣ್ಣ ಚೌಕಾಸಿ ಮಾಡ್ನಿಲ್ಲ ಕಣವ್ವ. ನಲವತ್ತು ವರ್ಸದಲ್ಲಿ ಟವಲಿಲ್ದೆ, ಚೌಕಾಸಿ ಇಲ್ದೆ ದುಡ್ಡು ಎಣಿಸ್ಕೊಟ್ಟದ್ದು ಅದೊಂದೇ ದಿನ. ಇನ್ನೊಂದು ಗೇಟು ದಾಟ್ಬುಟ್ಟಿತ್ತು. ಒಂದನ್ನೇ ಹೊಡ್ಕಂಡು ಓಗಿ ಚೆಲುವಯ್ಯನ ಬಾಗಿಲಲ್ಲಿ ಕಟ್ದ. ಹಾಸಿಗೆ ಹಿಡ್ದಿದ್ದ ಚೆಲುವಯ್ಯ ಕಣ್ಣು ಬುಟ್ಟು ನೋಡಿ, ಅದರ ಜೊತೆಗಾರ ಎಲ್ಲಿ ಅಂದನಂತೆ. ಹನ್ನೆರಡೇ ದಿನ. ಓಗ್ಬುಟ್ಟ. ಹೆಂಡ್ತಿ ರಾಚಮ್ಮ ಒಬ್ಬಳೇ ಆದ್ಲು ಅಂತ ಅಣ್ಣ ತಿಂಗ್ಳು ತಿಂಗ್ಳು ದುಡ್ಡು ಕೊಡ್ತಾ ಬಂದ.”

“ನಮ್ಮಣ್ಣಂಗೆ ಇದು ಗೊತ್ತಿಲ್ವಾ ಮಾವ?”

“ಸೋಮೂಗಾ? ಗೊತ್ತಾಗ್ಬಾರ್ದು ಅಂತ್ಲೇ ನನ್ನ ಕೈಲಿ ಆಣೆ ಹಾಕಿಸ್ಕಂಡದ್ದು. ಇಪ್ಪತ್ತೆರಡು ವರ್ಸದ ಹೈದ ಕಣ್ಲಾ ಮೂಗಯ್ಯ, ಒಂದು ಜೀವ ನನ್ನಿಂದ ಓಯ್ತು ಅಂತ ಗೊತ್ತಾದ್ರೆ ಇನ್ನು ತಲೆ ಎತ್ತಕ್ಕಿಲ್ಲ, ಅದು ನನ್ನ ಲೆಕ್ಕದಲ್ಲೇ ಇರ್ಲಿ, ಅಂದ.”

ಬಸ್ಸಿನಲ್ಲಿ ವಾಪಸು ಬರುವಾಗ ರಂಜನಿಗೆ ಮೊದಲು ಹಗುರವಾಯಿತು. ಅಪ್ಪ ಅಂಥವರಲ್ಲ. ತೆರಕಣಾಂಬಿ ದಾಟುವಷ್ಟರಲ್ಲಿ ಆ ಹಗುರ ಹೋಗಿತ್ತು. ಅಪ್ಪನನ್ನು ಬಿಡಿಸಬೇಕಾದರೆ ಅಣ್ಣನನ್ನು ಕಟ್ಟಬೇಕು.

ಮನೆಗೆ ಬಂದವಳೇ ಟವಲು ಹೊದಿಸಿದಳು. “ಮೂಗಯ್ಯ ಮಾವ ಯೋಳ್ದ ಅಪ್ಪ,” ಎಂದಳು ಪಿಸುದನಿಯಲ್ಲಿ. “ಅವ್ವಂಗೆ ಯೋಳ್ಬುಡ್ತೀನಿ.”

ಅಪ್ಪನ ಅಂಗೈ ಅವಳ ಅಂಗೈಯನ್ನು ದೂಡಿತು.

“ಅವ್ವಂಗೆ ಒಬ್ಬರಿಗೇ. ಅಣ್ಣಂಗೆ ಯೋಳಲ್ಲ.”

ಮತ್ತೆ ದೂಡಿತು. ಬಲವಿಲ್ಲದ ಕೈ, ಆದರೂ ಅದು ದಳ್ಳಾಳಿ ದೊಡ್ಡಮಲ್ಲಪ್ಪನವರ ಕೈ. ಅವ್ವನ ಹೊಟ್ಟೆಯಲ್ಲಿ ಮಗನ ಮಾತು ನಿಲ್ಲುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ವ್ಯಾಪಾರ ಮುರಿದ ಮೇಲೆ ಮಾತು ಎತ್ತಬಾರದೆಂದು ಅವಳಿಗೆ ಕಲಿಸಿದವರೂ ಅವರೇ. ರಂಜನಿ ಟವಲನ್ನು ಮಡಿಸಿ ಗೂಟಕ್ಕೆ ಹಾಕಿದಳು.

ಗುರುವಾರ ಸಂಜೆ ಸೋಮೇಶ ಬಂದ. ಶಿವರುದ್ರಮ್ಮ ಗಂಜಿ ಕುಡಿಸುತ್ತಿದ್ದರು.

“ಏನಮ್ಮಿ, ನಿನ್ನ ಕಂಪ್ಯೂಟ್ರು ಏನಂತು? ಹದಿನಾರು ಸಾವ್ರ ಹುಡುಕ್ತಾ?”

“ಇನ್ನೂ ತಾಳೆ ಆಗಿಲ್ಲ ಕಣಣ್ಣ.”

“ಆಗಕ್ಕಿಲ್ಲ ಬುಡು. ಉಮ್ಮತ್ತೂರಿಗೆ ಓಗಿ ಅಲ್ಲಿ ಕೇಳ್ಕಂಡು ಬಾ, ಪೈಸೆ ಪೈಸೆ ಲೆಕ್ಕ ಯೋಳ್ತಾಳೆ.”

ಶಿವರುದ್ರಮ್ಮನವರ ಚಮಚೆ ಗಾಳಿಯಲ್ಲೇ ನಿಂತಿತು. ಅವರು ಗಂಡನ ಕಡೆ ನೋಡಲಿಲ್ಲ, ಮಗನ ಕಡೆ ನೋಡಲಿಲ್ಲ. ಮಗಳ ಮುಖ ನೋಡಿದರು. ಕೇಳದೆಯೇ ಕೇಳಿದ ನೋಟ ಅದು. ಒಂದು ಮಾತಿಗೆ ಕಾದಿತ್ತು. ಮಂಚದ ಮೇಲಿಂದ ಅಪ್ಪನೂ ಅವಳನ್ನೇ ನೋಡುತ್ತಿದ್ದರು.

ರಂಜನಿ ನೆಲ ನೋಡಿದಳು.

ಚಮಚೆ ಮುಂದಕ್ಕೆ ಹೋಗಿ ತುಟಿಗೆ ತಾಗಿತು. ದೊಡ್ಡಮಲ್ಲಪ್ಪನವರು ಬಾಯಿ ತೆರೆದರು.

ಶನಿವಾರ ಮಧ್ಯಾಹ್ನ ಊಟದ ಹೊತ್ತಿಗೆ ಅವರು ಹೋದರು. ಹೊಲದ ಬದಿಯಲ್ಲಿ ಗುಣಿ ತೋಡಿ, ಕೂರಿಸಿ, ವಿಭೂತಿ ಪತ್ರೆ ತುಂಬಿ ಮುಚ್ಚಿದರು. ಸಂತೆಯ ದಳ್ಳಾಳಿಗಳೆಲ್ಲ ಬಂದು ಒಬ್ಬೊಬ್ಬರೂ ತಮ್ಮ ಟವಲಿನಿಂದ ಮುಖ ಮುಚ್ಚಿಕೊಂಡು ಹಿಡಿ ಮಣ್ಣು ಹಾಕಿದರು. ಶಿವರುದ್ರಮ್ಮನವರ ಕಣ್ಣಲ್ಲಿ ನೀರು ಬರಲಿಲ್ಲ. ಗಟ್ಟಿ ಹೆಂಗಸು ಎಂದರು ನೋಡಿದವರು.

ಹನ್ನೊಂದನೇ ದಿನ ಶಿವಗಣಾರಾಧನೆ. ಜಂಗಮರು ಉಂಡು ಎದ್ದಿದ್ದರು. ಸೋಮೇಶ ಶಾಮಿಯಾನದ ಆ ಕಡೆ ಅಡುಗೆಯವರ ಜೊತೆ ಮಾತಾಡುತ್ತಿದ್ದ. ಆಗ ಅಂಗಳದ ತುದಿಯಲ್ಲಿ, ಬಣ್ಣಗೆಟ್ಟ ಸೀರೆಯ, ಬಡಕಲು ಹೆಂಗಸೊಬ್ಬಳು ಬಂದು ನಿಂತಳು. ಕೈಯಲ್ಲಿ ಸುತ್ತಿದ ಹಗ್ಗ ಇತ್ತು. ವಯಸ್ಸು ಅರವತ್ತಕ್ಕೆ ಕಡಿಮೆ ಇರಲಿಲ್ಲ.

“ಯಾರವ್ವ?” ಎಂದರು ಶಿವರುದ್ರಮ್ಮ ಜಗಲಿಯಿಂದ.

“ಉಮ್ಮತ್ತೂರು ಕಣವ್ವ. ರಾಚಮ್ಮ ಅಂತ. ಅಯ್ಯಾರು ಓದ್ರು ಅಂತ ನೆನ್ನೆ ಗೊತ್ತಾಯ್ತು.”

ಜಗಲಿಯ ಮೇಲೆ ಇದ್ದ ಹೆಂಗಸರೆಲ್ಲ ಕತ್ತು ತಿರುಗಿಸಿದರು.

“ಇಲ್ಲಿಗೂ ಬಂದ್ಯಾ?”

ರಾಚಮ್ಮ ಹೆಜ್ಜೆ ಮುಂದಿಡಲಿಲ್ಲ. “ಊಟಕ್ಕೆ ಬರ್ನಿಲ್ಲ ಕಣವ್ವ. ಎತ್ತು ಸಂಕ್ರಾಂತಿ ಕಳೆದ ಮೇಲೆ ಓಯ್ತು. ವಯಸ್ಸಾಗಿತ್ತು. ಅಯ್ಯಾರ ದುಡ್ಡಿನ ಎತ್ತು, ಅವರು ಹಾಕಿದ ಹಗ್ಗ. ಹಗ್ಗ ಯಾರ್ದೋ ಅವರಟ್ಟೀಲಿ ಇರ್ಬೇಕಲ್ವಾ, ಕೊಟ್ಬುಟ್ಟು ಓಗನ ಅಂತ.”

“ತಗಂಡು ನಾನೇನ್ ಮಾಡ್ಲಿ? ಕತ್ತಿಗೆ ಹಾಕ್ಕಳ್ಲಾ?”

ರಾಚಮ್ಮ ಹಗ್ಗವನ್ನು ಜಗಲಿಯ ಅಂಚಿಗೆ ಇಟ್ಟು, ಬಗ್ಗಿ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಬಂದ ದಾರಿಯಲ್ಲೇ ತಿರುಗಿದಳು. ಏಳು ತಿಂಗಳಿಂದ ಅವಳಿಗೆ ಮುನ್ನೂರು ಹೋಗಿರಲಿಲ್ಲ. ಅದರ ಮಾತನ್ನೇ ಅವಳು ಎತ್ತಲಿಲ್ಲ.

ರಂಜನಿ ಅವ್ವನ ಕೈ ಹಿಡಿದು ಒಳಗಿನ ಕೋಣೆಗೆ ಎಳೆದುಕೊಂಡು ಹೋದಳು. ಬಾಗಿಲು ಹಾಕಿದಳು. ಚೆಲುವಯ್ಯನ ಜೋಡಿ, ಸೋಮು, ಲಾರಿ, ಮದ್ದೂರು ಗೇಟು, ಹನ್ನೆರಡು ದಿನ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಹೇಳುತ್ತ ಅತ್ತಳು. ಶಿವರುದ್ರಮ್ಮ ಖಾಲಿ ಮಂಚದ ಅಂಚಿನಲ್ಲಿ ಕೂತು ಕೇಳಿದರು.

“ನಿಂಗೆ ಯಾವತ್ತು ಗೊತ್ತಾಯ್ತು?”

“ಅಪ್ಪ ಓಗೋಕೆ ಮುಂಚಿನ ಭಾನುವಾರ.”

“ಅವರು ಓದದ್ದು ಶನಿವಾರ.” ಶಿವರುದ್ರಮ್ಮ ಬೆರಳು ಮಡಿಸಿದರು. ಸೋಮವಾರ, ಮಂಗಳವಾರ, ಬುಧವಾರ. ಶುಕ್ರವಾರಕ್ಕೆ ಬಂದು ನಿಲ್ಲಿಸಿದರು. “ಅಯ್ದು ದಿನ ಕಣಮ್ಮಿ. ದಿನಕ್ಕೆ ಮೂರು ಸಲ ಗಂಜಿ ಕುಡಿಸಿವ್ನಿ. ಹದಿನೈದು ಸಲ ಬಾಯಿ ತೆಗೆದು ನನ್ನ ಮುಖಾನೇ ನೋಡಿದ್ರು.”

“ಬ್ಯಾಡ ಅಂತ ಕೈ ದೂಡಿದ್ರು ಕಣವ್ವ. ಎರಡು ಸಲ.”

“ಅವರು ದೂಡ್ತಾರೆ. ಅವರಿಗೆ ಮಗ.” ಶಿವರುದ್ರಮ್ಮನವರ ದನಿ ಏರಲಿಲ್ಲ. “ಆ ಗುರುವಾರ ನಾನು ನಿನ್ನ ಮುಖ ನೋಡ್ದೆ. ನೀನ್ಯಾಕೆ ಸುಮ್ನಾಗ್ಬುಟ್ಟೆ? ಒಂದು ಮಾತು ಆಡಿದ್ರೆ, ನಾನೂ ಒಂದು ಮಾತು ಆಡಿರ್ತಿದ್ದೆ.”

ಆಮೇಲೆ ಅವರು ಎದ್ದು, ಬಾಗಿಲು ತೆಗೆದು, ಜನರ ನಡುವೆಯೇ ಬರಿಗಾಲಲ್ಲಿ ಬಸ್ಸು ನಿಲ್ಲುವ ಕಡೆಗೆ ನಡೆದರು. ರಂಜನಿ ಹಿಂದೆಯೇ ಓಡಿದಳು. ಬಸ್ಸು ಹೋಗಿತ್ತು. ರಸ್ತೆಯ ಧೂಳು ಇನ್ನೂ ಇಳಿದಿರಲಿಲ್ಲ. ಶಿವರುದ್ರಮ್ಮ ಆ ಧೂಳಿನ ಕಡೆಗೆ ನೋಡುತ್ತ ಸ್ವಲ್ಪ ಹೊತ್ತು ನಿಂತು, “ಸೋಮೂಗೆ ಯೋಳ್ಬ್ಯಾಡ,” ಎಂದರು. ಅಪ್ಪ ತಪ್ಪು ತಿಳಿದಿದ್ದರು. ಅವ್ವನ ಹೊಟ್ಟೆಯಲ್ಲಿ ಮಾತು ನಿಲ್ಲುತ್ತಿತ್ತು.

ವಾಪಸು ಬಂದಾಗ ಸೋಮೇಶ ಜಗಲಿಯ ಮೇಲಿನ ಹಗ್ಗವನ್ನು ಕಾಲಲ್ಲಿ ಸರಿಸುತ್ತಿದ್ದ. “ಯಾವುದವ್ವ ಇದು?”

“ನಿಮ್ಮಪ್ಪಂದು. ಕಾಲು ತಗಿ,” ಎಂದು ಶಿವರುದ್ರಮ್ಮ ಅದನ್ನು ಎತ್ತಿಕೊಂಡು ಹೋಗಿ ಟವಲಿನ ಗೂಟಕ್ಕೇ ಹಾಕಿದರು.

ಮರುದಿನ ರಂಜನಿ ಸೆಂಟರಿಗೆ ಹೋದಳು. ಐದು ಗಂಟೆಯ ಮೇಲೆ ಲೆಕ್ಕ ತೆಗೆದಳು. ‘ಕೈಯಲ್ಲಿ: ೧’ ಹಾಗೇ ಇತ್ತು. ಸತ್ತ ಎತ್ತನ್ನು ಹೇಗೆ ಬರೆಯುವುದೋ ತಿಳಿಯದೆ ಮಲ್ಲಿಕಾರ್ಜುನಸ್ವಾಮಿಯವರನ್ನು ಕೇಳಿದಳು. ಅವರು ಈ ಸಲ ನಗಲಿಲ್ಲ. “ಕಂಪನಿ ಮುಳುಗೋದ್ರೆ ಅದರ ಶೇರನ್ನ ಸೊನ್ನೆಗೆ ಮಾರಿದೆ ಅಂತ ಬರ್ಕೋಬೇಕಂತಮ್ಮ. ಆಗ ನಷ್ಟ ಅಂತ ತೋರಿಸ್ತದೆ,” ಎಂದರು. ಉಮ್ಮತ್ತೂರು ಎತ್ತು, ಒಂದು, ಬೆಲೆ ಸೊನ್ನೆ. ಪ್ರೋಗ್ರಾಮು ಖಾತರಿಯೇ ಎಂದು ಕೇಳಿತು. ಹೌದು ಎಂದು ಒತ್ತಿದಳು. ಲೆಕ್ಕ ತಾಳೆಯಾಯಿತು. ಹಾಳೆ ತೆಗೆಯಲಿಲ್ಲ. ತೋರಿಸಬೇಕಾದವರು ಯಾರೂ ಇರಲಿಲ್ಲ.

ಬಸ್ಸು ಇಳಿದು ಮನೆಗೆ ಬಂದರೆ ಅವ್ವ ಇರಲಿಲ್ಲ. ಒಲೆಯ ಮೇಲೆ ಗಂಜಿ ಮಾಡಿದ ಪಾತ್ರೆ ಬೆಚ್ಚಗಿತ್ತು. ರಂಜನಿ ಹೊಲದ ಕಡೆ ಹೋದಳು. ಬಿಸಿಲು ಇನ್ನೂ ಪೂರ್ತಿ ಇಳಿದಿರಲಿಲ್ಲ. ಬದುವಿನ ಮೇಲೆ, ಹಸಿ ಮಣ್ಣಿನ ಪಕ್ಕ, ಅವ್ವ ಕಾಲು ಮಡಿಸಿ ಕೂತಿದ್ದರು; ಎದುರಿಗೆ ಬಟ್ಟಲು, ಕೈಯಲ್ಲಿ ಚಮಚೆ. ದೂರಕ್ಕೆ ಮಾತು ಕೇಳಿಸುತ್ತಿರಲಿಲ್ಲ. ಆದರೆ ಬಾಯಿ ಆಡುತ್ತಿತ್ತು, ಕೈ ಆಡುತ್ತಿತ್ತು, ನಡುನಡುವೆ ತಲೆ ಅಲ್ಲಾಡುತ್ತಿತ್ತು. ಏಳು ತಿಂಗಳ ಮಾತು. ರಂಜನಿ ಹತ್ತಿರ ಹೋಗಲಿಲ್ಲ. ಬೇಲಿಯ ಹತ್ತಿರವೇ ನಿಂತಳು, ಬಿಸಿಲು ಇಳಿಯುವ ತನಕ, ಅವ್ವ ಮಾತಾಡಿ ಮುಗಿಸಲಿ ಎಂದು.